ಕಬ್ಬಿನ ಸುಳಿ ಕೊರೆಯುವ ಹುಳುವಿಗೆ ತರಗು, ಹರಳು, ಕಾರ್ಡು: ಭಾನುವಾರ ಮಾತ್ರ ಗದ್ದೆಗೆ ಹೋಗುವವರಿಗೆ ಯಾವುದು ಒಗ್ಗುತ್ತದೆ?

ನಮ್ಮ ಮನೆ ಬೆಂಗಳೂರಿನ ವಿಜಯನಗರದಲ್ಲಿ, ಕಬ್ಬಿನ ಗದ್ದೆ ಮದ್ದೂರಿನ ಹತ್ತಿರ. ವಾರವೆಲ್ಲ ಗದ್ದೆ ನೋಡಿಕೊಳ್ಳುವುದು ಚಿಕ್ಕಪ್ಪ. ನಾನು ಹೋಗುವುದು ಭಾನುವಾರ ಮಾತ್ರ. ಬೆಂಗಳೂರಿನಲ್ಲಿ ನನ್ನ ಹಾಗೆ ಇರುವವರು ಬೇಕಾದಷ್ಟು ಜನ ಇದ್ದಾರೆ, ಅಲ್ವಾ? ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲ ಸಲ ಈ ಹುಳುವಿನ ಕೆಲಸ ಕಂಡಿದ್ದು ಒಂದು ಮಾರ್ಚ್ ತಿಂಗಳಲ್ಲಿ. ಮೊಳಕೆಯ ಸುತ್ತಲಿನ ಎಲೆ ಹಸಿರಾಗಿಯೇ ಇತ್ತು, ನಡುವಿನ ಸುಳಿ ಮಾತ್ರ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. "ಎಳ್ದು ನೋಡ್ಲಾ ಮಗ" ಅಂದರು ಚಿಕ್ಕಪ್ಪ. ಎರಡು ಬೆರಳಲ್ಲಿ ಹಿಡಿದೆ, ಸುಳಿ ಸಲೀಸಾಗಿ ಕೈಗೆ ಬಂತು. ಅದರ ಬುಡ ಕೊಳೆತು ಗಬ್ಬು ನಾರುತ್ತಿತ್ತು. ಮೊಳಕೆ ಸೀಳಿದರೆ ಒಳಗೆ ಮಾಸಲು ಬಿಳಿ ಹುಳು, ತಲೆ ಕಂದು, ಬೆನ್ನುದ್ದಕ್ಕೂ ಐದು ನೇರಳೆ ಗೆರೆ. ಗಿಣ್ಣು ಮೂಡುವ ತನಕ, ಅಂದರೆ ನಾಟಿಯಾದ ಮೊದಲ ಮೂರು ತಿಂಗಳು ಇದರ ಕಾಟ. ಬಿಸಿಲು ಏರಿ ಮಣ್ಣು ಒಣಗಿದರೆ ಇನ್ನೂ ಜಾಸ್ತಿ.

ಮುಂದಿನ ನಾಟಿಯಲ್ಲಿ ಹುಳು ತಡೆಯುವ ಮೂರು ದಾರಿಯನ್ನೂ ಮಾಡಿ ನೋಡಿದೆವು: ಸಾಲಿನ ನಡುವೆ ಒಣ ತರಗು, ಬುಡಕ್ಕೆ ಕೀಟನಾಶಕದ ಹರಳು, ಇಲ್ಲವೇ ಉಪಕಾರಿ ಕಣಜದ ಕಾರ್ಡು. ತಳಿ ಎಲ್ಲ ಕಡೆಯೂ ಕೋ 62175. ಕಾಲುವೆಯ ಈಚೆ ಒಂದು ಪಟ್ಟಿಗೆ ತರಗು, ಇನ್ನೊಂದಕ್ಕೆ ಹರಳು. ಕಾಲುವೆಯ ಆಚೆಗಿನ ಒಂದು ಎಕರೆಗೆ ಕಾರ್ಡು. ಅಂಚಿನ ಎರಡು ಸಾಲಿಗೆ ಏನೂ ಮಾಡದೆ ಸುಮ್ನೆ ಬಿಟ್ಟೆವು.

ತರಗು ಅಂದರೆ ಕಟಾವಾದ ಮೇಲೆ ಉಳಿಯುವ ಒಣ ಎಲೆ. ಬಹಳ ಜನ ಅದಕ್ಕೆ ಬೆಂಕಿ ಇಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ನಾಟಿಯಾದ ಮೂರನೇ ದಿನ ಸಾಲುಗಳ ನಡುವೆ ದಪ್ಪಗೆ ಹರಡಿದೆವು. ಮಣ್ಣು ತಂಪಾಗಿರುತ್ತದೆ, ತೇವ ಆರುವುದಿಲ್ಲ, ಕಳೆಯೂ ಕಡಿಮೆ. ಹರಡಲು ಆಳು ಬೇಕು, ಮಣ್ಣು ಏರಿಸುವಾಗ ಅಡ್ಡ ಬರುತ್ತದೆ. ಆದರೆ ಒಂದು ಸಲ ಹಾಕಿದರೆ ಮುಗಿಯಿತು, ನಾವು ಊರಲ್ಲಿ ಇಲ್ಲದಿದ್ದರೂ ಅದು ಕೆಲಸ ಮಾಡುತ್ತಲೇ ಇರುತ್ತದೆ.

ಹರಳು ಅಂದರೆ ಶೇ 0.4ರ ಕ್ಲೋರಾಂಟ್ರಾನಿಲಿಪ್ರೋಲ್ ಅನ್ನುವ ಕೀಟನಾಶಕದ ಕಾಳು, ಎಕರೆಗೆ ಏಳೂವರೆ ಕೆಜಿ. ಬುಡಕ್ಕೆ ಹಾಕಿ, ಮಣ್ಣು ಮುಚ್ಚಿ, ನೀರು ಬಿಡಬೇಕು. ಬೇರು ಅದನ್ನು ಹೀರಿಕೊಳ್ಳುತ್ತದೆ, ಮೊಳಕೆ ತಿಂದ ಹುಳು ತಿನ್ನುವುದನ್ನೇ ನಿಲ್ಲಿಸುತ್ತದೆ. ಗುಣ ಬೇಗ ಕಾಣುತ್ತದೆ, ದುಡ್ಡೂ ಜಾಸ್ತಿ. ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಹಾಕಿದ ದಿನವೇ ನೀರು ಸಿಗದಿದ್ದರೆ ಹಾಕಿದ್ದು ದಂಡ.

ಇನ್ನು ಕಾರ್ಡು. ಇದರ ಬಗ್ಗೆ ನನಗೆ ಹೇಳುವುದು ತುಂಬಾ ಇದೆ. ಅಂಗೈಯಗಲದ ರಟ್ಟಿನ ಮೇಲೆ ಅಕ್ಕಿ ಪತಂಗದ ಮೊಟ್ಟೆ ಅಂಟಿಸಿರುತ್ತಾರೆ. ಆ ಮೊಟ್ಟೆಗಳ ಒಳಗೆ ಟ್ರೈಕೋಗ್ರಾಮ ಅನ್ನುವ ಕಣಜದ ಮರಿ ಬೆಳೆಯುತ್ತಿರುತ್ತದೆ. ಕಣಜ ಒಂದು ಮಿಲಿಮೀಟರ್ ಕೂಡ ಇಲ್ಲ. ಹೊರಬಂದು ಗದ್ದೆಯಲ್ಲಿ ಹುಳುವಿನ ಮೊಟ್ಟೆ ಹುಡುಕಿ, ಅದರೊಳಗೆ ತನ್ನ ಮೊಟ್ಟೆ ಇಡುತ್ತದೆ. ಹುಳು ಹುಟ್ಟುವುದೇ ಇಲ್ಲ. ಒಂದು ಕಾರ್ಡಿನಲ್ಲಿ ಸುಮಾರು 20,000 ಮೊಟ್ಟೆ, ಎಕರೆಗೆ ವಾರಕ್ಕೊಂದು ಕಾರ್ಡು, ನಾಲ್ಕನೇ ವಾರದಿಂದ ಶುರು. ವಾರಕ್ಕೊಂದು ಅಂದರೆ ನಮ್ಮ ಭಾನುವಾರಕ್ಕೆ ಹೇಳಿ ಮಾಡಿಸಿದ ಹಾಗಿದೆ!

ಆದರೂ ಮೊದಲ ಎರಡು ವಾರ ಹಾಳಾಯಿತು. ಒಂದು ಸಲ ತರಿಸಿದ ಕಾರ್ಡಿನಿಂದ ದಾರಿಯಲ್ಲೇ ಕಣಜ ಹೊರಬಂದು ಕವರಿನೊಳಗೆ ಸತ್ತುಬಿದ್ದಿದ್ದವು. ಇನ್ನೊಂದು ಸಲ ಮಟಮಟ ಮಧ್ಯಾಹ್ನ ಕಟ್ಟಿದೆ, ಇರುವೆ ತಿಂದುಹಾಕಿದವು. ಆಮೇಲೆ ತಿಳಿಯಿತು: ಕಾರ್ಡಿನ ಮೊಟ್ಟೆ ಕಪ್ಪಾಗಿದ್ದರೆ ಒಳಗೆ ಕಣಜ ಇದೆ ಅಂತ ಅರ್ಥ. ಶನಿವಾರ ತಂದು ಮನೆಯ ಫ್ರಿಜ್ಜಿನಲ್ಲಿ, ಫ್ರೀಜರಿನಲ್ಲಲ್ಲ, ತರಕಾರಿ ಡಬ್ಬಿಯಲ್ಲಿ ಇಡುತ್ತೇನೆ. ಅಮ್ಮ ಅದರ ಪಕ್ಕದಲ್ಲೇ ಸೊಪ್ಪು ಇಡುತ್ತಾರೆ. ಭಾನುವಾರ ನಸುಕಿನ ರೈಲಿಗೆ ಥರ್ಮೋಕೋಲ್ ಡಬ್ಬಿಯಲ್ಲಿ ಒಯ್ಯುತ್ತೇನೆ. ಗದ್ದೆಗೆ ಹೋದ ತಕ್ಷಣ ಚೂರು ಚೂರು ಕತ್ತರಿಸಿ, ಬಿಸಿಲು ಏರುವ ಮುಂಚೆ ಎಲೆಯ ಅಡಿಭಾಗಕ್ಕೆ ಸ್ಟೇಪಲ್ ಹೊಡೆಯುತ್ತೇವೆ. ಆ ಎಕರೆಗೆ ಕೀಟನಾಶಕದ ಗಾಳಿಯೂ ಸೋಕಬಾರದು.

ಹುಳುವಿನಿಂದ ಹುಳು ಹೋಗುತ್ತದೆಯೇ ಅಂತ ಚಿಕ್ಕಪ್ಪ ಅನುಮಾನ ಪಡಲಿಲ್ಲ. 2002ರಲ್ಲಿ ರಾಜ್ಯದ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಿದ್ದಾಗ ಅದನ್ನು ಹತೋಟಿಗೆ ತಂದದ್ದೂ ಡೈಫಾ, ಮೈಕ್ರೋಮಸ್ ಅನ್ನುವ ಕೀಟಗಳೇ. ಇಂಥ ಉಪಕಾರಿ ಕೀಟಗಳ ಮೇಲೆ ಕೆಲಸ ಮಾಡುವ ರಾಷ್ಟ್ರೀಯ ಸಂಸ್ಥೆ ನಮ್ಮ ಹೆಬ್ಬಾಳದಲ್ಲೇ ಇದೆ. ಬಳ್ಳಾರಿ ರಸ್ತೆಯಲ್ಲಿ ದಿನಾ ಓಡಾಡುವವರಿಗೂ ಅದು ಗೊತ್ತಿರುವುದು ಕಡಿಮೆ.

ಮೂರು ತಿಂಗಳಾದ ಮೇಲೆ ಗದ್ದೆಯ ಪ್ರತಿ ತುಂಡಿನಲ್ಲಿ ನೂರು ಮೊಳಕೆ ಎಣಿಸಿದೆವು. ಸುಳಿ ಒಣಗಿದ್ದು ಹರಳಿನಲ್ಲಿ 5, ಕಾರ್ಡಿನಲ್ಲಿ 8, ತರಗಿನಲ್ಲಿ 11. ಏನೂ ಮಾಡದ ಅಂಚಿನಲ್ಲಿ 19.

ಲೆಕ್ಕದಲ್ಲಿ ಗೆದ್ದದ್ದು ಹರಳೇ. ಆದರೂ ನನ್ನ ಆಯ್ಕೆ ತರಗು ಮತ್ತು ಕಾರ್ಡು, ಎರಡೂ ಜೊತೆಗೆ. ಕಾರ್ಡಿನ ಕಣಜ ಮೊಟ್ಟೆಯನ್ನು ಮಾತ್ರ ಕೊಲ್ಲುತ್ತದೆ, ಮೊಳಕೆ ಹೊಕ್ಕ ಹುಳುವನ್ನು ಏನೂ ಮಾಡಲಾರದು. ಹಾಗಾಗಿ ತಡಮಾಡಿದರೆ ಅದರಿಂದ ಪ್ರಯೋಜನವಿಲ್ಲ. ಒಣಗಿದ ಸುಳಿ ನೂರಕ್ಕೆ 15 ದಾಟಿದರೆ ಆಗ ಹರಳು. ಅದಕ್ಕೆ ಭಾನುವಾರ ಕಾಯುವ ಹಾಗಿಲ್ಲ, ಚಿಕ್ಕಪ್ಪನೇ ಎಣಿಸಿ ಫೋನ್ ಮಾಡಬೇಕು. ಈ ವರ್ಷ ನಾಟಿಯಾಗಿ ಐದು ವಾರ. ಮೊನ್ನೆ ಬುಧವಾರ ಅವರು ಫೋನಿನಲ್ಲಿ ಹೇಳಿದ ಸಂಖ್ಯೆ 3.