ನಾಲಿಗೆಯಡಿಯ ಬಿ12 ಫಿಲ್ಮ್: ಎಚ್‌ಪಿಎಂಸಿಯೋ, ಪುಲ್ಯುಲಾನೋ?

ನಮ್ಮವ್ವಗೆ ಬಿ12 ಕಡಿಮೆ. ಅಂಗಾಲು ಜುಮ್ಮೆನ್ನುತ್ತವೆ ಅಂತ ವರ್ಷದಿಂದ ಇಂಜೆಕ್ಷನ್ ತಗೊಳ್ತಾಳೆ, ಸೂಜಿ ಅಂದರೆ ಈಗಲೂ ಮುಖ ತಿರುಗಿಸ್ತಾಳೆ. ಎಂ.ಫಾರ್ಮ್ ಪ್ರಾಜೆಕ್ಟಿಗೆ ನಾಲಿಗೆಯಡಿ ಕರಗುವ ಫಿಲ್ಮನ್ನೇ ಆರಿಸಿಕೊಂಡೆ, ಅಂದರೆ ಔಷಧ ಬೆರೆಸಿದ ತೆಳು ಹಾಳೆ; ಔಷಧ ಹೊಟ್ಟೆಗೆ ಹೋಗದೆ ಬಾಯಿಯ ಪೊರೆಯಿಂದಲೇ ರಕ್ತ ಸೇರಲಿ ಅನ್ನೋ ಆಸೆ. ಧಾರವಾಡದ ಲ್ಯಾಬಿನಲ್ಲಿ ಹಾಳೆ ಕಟ್ಟುವ ಎರಡು ಪಾಲಿಮರ್ ಪಕ್ಕಪಕ್ಕ ಇಟ್ಟು ನೋಡಿದೆ.

ಎಚ್‌ಪಿಎಂಸಿ ಇ5 (ಸಸ್ಯದ ನಾರಿನಿಂದ ಮಾಡಿದ ಪುಡಿ, ಇ5 ಅದರ ಒಂದು ದರ್ಜೆ) ಅಗ್ಗ, ಆದರೆ ತಾಳ್ಮೆ ಬೇಡುತ್ತದೆ. ತಣ್ಣೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಸುಮಾರು 80 ಡಿಗ್ರಿ ಬಿಸಿನೀರಲ್ಲಿ ಹರಡಿ, ಕಲಕುತ್ತಾ ಆರಿಸಿದಾಗಲೇ ಕರಗೋದು. ಗುಳ್ಳೆ ಹೋಗಲಿ ಅಂತ ರಾತ್ರಿಯಿಡೀ ಬಿಡಬೇಕು. ಪುಲ್ಯುಲಾನ್ ಒಂದು ಬಗೆಯ ಶಿಲೀಂಧ್ರದಿಂದ ಸಿಗುವ ಪುಡಿ, ಅದಕ್ಕೆ ಈ ರಗಳೆಯಿಲ್ಲ, ತಣ್ಣೀರಲ್ಲೇ ಕರಗಿ ಗಾಜಿನಂಥ ತೆಳು ಹಾಳೆ ಕೊಡುತ್ತದೆ. ಬೆಲೆ ಮಾತ್ರ ಭಾರಿ.

ಎರಡನ್ನೂ ಪೆಟ್ರಿ ತಟ್ಟೆಗೆ ಹೊಯ್ದು 40 ಡಿಗ್ರಿ ಓವನ್‌ನಲ್ಲಿ ಒಣಗಿಸಿದೆ. ತಟ್ಟೆ ತುಸು ವಾಲಿದರೂ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಆಗ ತುಂಡಿನಿಂದ ತುಂಡಿಗೆ ಔಷಧದ ಪ್ರಮಾಣವೇ ಬದಲು. ಬಿ12 ಕೆಂಪಗಿರುವುದರಿಂದ ತಪ್ಪು ಕಣ್ಣಿಗೇ ಕಾಣುತ್ತಿತ್ತು. ಕೊನೆಗೆ ಗೌಂಡಿಯೊಬ್ಬರ ರಸಮಟ್ಟ ತಂದು ಓವನ್ ಹಲಗೆ ಸರಿಮಾಡಿದೆ.

ಔಷಧ ಹಾಕದ ಖಾಲಿ ಫಿಲ್ಮ್‌ಗಳನ್ನು ನನ್ನ ನಾಲಿಗೆಯಡಿಯೇ ಇಟ್ಟು ನೋಡಿದೆ. ಪುಲ್ಯುಲಾನ್ ಮೊದಲು ಕರಗಿತು, ಅಂಟಿದ ಭಾವನೆಯೂ ಇಲ್ಲ. ಎಚ್‌ಪಿಎಂಸಿ ತುಸು ಲೋಳೆಯಾಗಿ ಉಳಿದು ಆಮೇಲೆ ಕರಗಿತು. ಮೊದಲು ಅದು ದೋಷ ಅನ್ನಿಸಿತ್ತು. ಆದರೆ ರುಚಿಗೆಂದು ಸಿಟ್ರಿಕ್ ಆಸಿಡ್ ಹಾಕಿದ ಪುಲ್ಯುಲಾನ್ ಬಾಯಿ ತುಂಬ ಜೊಲ್ಲು ತರಿಸಿತು, ನುಂಗದೆ ವಿಧಿಯಿರಲಿಲ್ಲ. ನುಂಗಿದ ಮೇಲೆ ಅದು ಹೊಟ್ಟೆಗೆ ಹೋದ ಮಾತ್ರೆಯೇ ಅಲ್ಲವೇ? ಸಿಟ್ರಿಕ್ ತೆಗೆದೆ, ಎಚ್‌ಪಿಎಂಸಿಯ ಲೋಳೆ ನಾಲಿಗೆಯಡಿಯೇ ಹೆಚ್ಚು ಹೊತ್ತು ನಿಲ್ಲುತ್ತದಲ್ಲ ಅಂತ ಅದನ್ನು ಗೌರವದಿಂದ ನೋಡತೊಡಗಿದೆ.

ಜುಲೈ ಜಿಟಿಜಿಟಿ ಮಳೆಯಲ್ಲಿ ತೀರ್ಮಾನ ಗಟ್ಟಿಯಾಯಿತು. ಪುಲ್ಯುಲಾನ್ ತುಂಡುಗಳು ಒಂದಕ್ಕೊಂದು ಅಂಟಿಕೊಂಡವು. ಹಾಳೆ ಬಾಗಲೆಂದು ಹಾಕುವ ಗ್ಲಿಸರಿನ್ ಕಡಿಮೆ ಮಾಡಿದರೆ ಮಡಚುವಾಗಲೇ ಮುರಿದವು. ಎಚ್‌ಪಿಎಂಸಿ ಹಾಳೆ ಬಿಡಿಬಿಡಿಯಾಗಿಯೇ ಉಳಿಯಿತು. ನನ್ನ ಆಯ್ಕೆ ಇ5.

ಬಿ12 ವಿಷಯದಲ್ಲಿ ಮಾತ್ರ ನನ್ನ ಆಸೆ ತಗ್ಗಿದೆ. ಅದರ ಅಣುತೂಕ 1355, ನೀರನ್ನು ಮೆಚ್ಚುವ ದೊಡ್ಡ ಅಣು, ಬಾಯಿಯ ಪೊರೆ ದಾಟುವುದು ಕಷ್ಟ. 2003ರಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ 500 ಮೈಕ್ರೊಗ್ರಾಂ ನುಂಗಿದವರಲ್ಲೂ ನಾಲಿಗೆಯಡಿ ಇಟ್ಟವರಲ್ಲೂ ರಕ್ತದ ಮಟ್ಟ ಹೆಚ್ಚುಕಡಿಮೆ ಒಂದೇ ತರ ಏರಿತ್ತು. ಅವ್ವನಿಗೆ ಡಾಕ್ಟರು ಹೇಳಿದ ಇಂಜೆಕ್ಷನ್ನೇ ನಡೆದಿದೆ. ಮುಂದಿನ ತಟ್ಟೆಗೆ ವಿಟಮಿನ್ ಡಿ3 ಇಟ್ಟುಕೊಂಡಿದ್ದೇನೆ. ಅಣುತೂಕ 385ರ ಆಸುಪಾಸು, ಎಣ್ಣೆಯಲ್ಲಿ ಕರಗುವಂಥದ್ದು. ಅದನ್ನು ಇ5ರ ನೀರಲ್ಲಿ ಸಮನಾಗಿ ಬೆರೆಸುವ ಕೆಲಸ ಸೋಮವಾರದಿಂದ.