ಹಳೆಯ ಹಾಯಿದೋಣಿ: ರಿಪೇರಿಯೋ, ಬದಲಿಯೋ?

ಒಂದು ಕಡೆ 30 ಅಡಿ ಉದ್ದದ, 40 ವರ್ಷ ದಾಟಿದ ಫೈಬರ್‌ಗ್ಲಾಸ್ ಹಾಯಿದೋಣಿ. ಇನ್ನೊಂದು ಕಡೆ ಅಷ್ಟೇ ಉದ್ದದ, 12 ವರ್ಷ ಬಳಸಿ ಮಾರಾಟಕ್ಕಿಟ್ಟ ದೋಣಿ. ಹಳೆಯದರ ರಿಪೇರಿ ಖರ್ಚನ್ನು ಇದರ ಬೆಲೆಯ ಪಕ್ಕದಲ್ಲಿ ಬರೆದು ಯಾವುದು ಕಡಿಮೆ ಎಂದು ನೋಡುವುದು ರೂಢಿ. ಲೆಕ್ಕ ತಪ್ಪುವುದು ಅಲ್ಲೇ. 12 ವರ್ಷದ ದೋಣಿಯ ಹಾಯಿಕಂಬ ಹಿಡಿದ ತಂತಿಗಳಿಗೂ 12 ವರ್ಷ ವಯಸ್ಸಾಗಿರುತ್ತದೆ. ಹಾಯಿಗಳು ಹಿಗ್ಗಿರುತ್ತವೆ, ಬ್ಯಾಟರಿಯ ಆಯಸ್ಸು ಮುಗಿದಿರುತ್ತದೆ. ಎರಡೂ ದೋಣಿಗಳನ್ನು ಇನ್ನು 10 ವರ್ಷ ನಂಬಿಕೆಯಿಂದ ಕಡಲಿಗೆ ಇಳಿಸುವ ಸ್ಥಿತಿಗೆ ತರಲು ಏನೇನು ಬೇಕು ಎಂದು ಪಟ್ಟಿ ಮಾಡಿ, ಆಮೇಲೆ ಹೋಲಿಸಬೇಕು.

ಎರಡೂ ದಾರಿಯಲ್ಲಿ ಕೈ ಹಾಕಿ ನೋಡಿದ ಮೇಲೆ ನಮಗೆ ಸ್ಪಷ್ಟವಾಗಿರುವುದು ಇಷ್ಟು: ಹಳೆಯ ದೋಣಿಯ ಹಣೆಬರಹ ಬರೆಯುವುದು ಅದರ ಡೆಕ್, ಅಂದರೆ ಮೇಲೆ ನಡೆದಾಡುವ ಹಾಸು. ಎಂಜಿನ್, ಹಾಯಿ, ವೈರಿಂಗ್ ಎಲ್ಲವನ್ನೂ ಬಿಚ್ಚಿ ಬೇರೆಯದನ್ನು ಕೂರಿಸಬಹುದು. ಡೆಕ್ ಬಿಚ್ಚಲು ಬರುವುದಿಲ್ಲ.

ಆ ಕಾಲದ ಡೆಕ್‌ಗಳಲ್ಲಿ ಮೇಲೊಂದು, ಕೆಳಗೊಂದು ಫೈಬರ್‌ಗ್ಲಾಸ್ ಪದರ, ನಡುವೆ ಸುಮಾರು 12 ಮಿ.ಮೀ. ದಪ್ಪದ ಬಾಲ್ಸಾ ಮರ ಇರುವುದೇ ಹೆಚ್ಚು. ಮರ ಒಣಗಿರುವಷ್ಟು ಕಾಲ ಇದು ಹಗುರ, ಗಟ್ಟಿ. ಆದರೆ ಅಂಚಿನ ಕಂಬಿಗಳ ಬುಡ, ಹಗ್ಗ ಕಟ್ಟುವ ಕ್ಲೀಟ್, ಹಗ್ಗ ಸುತ್ತಿ ಎಳೆಯುವ ವಿಂಚ್ ಹೀಗೆ ಡೆಕ್ ಕೊರೆದು ಬೋಲ್ಟ್ ಹಾಕಿದ ಕಡೆಯೆಲ್ಲ ಸೀಲೆಂಟ್ ವರ್ಷ ಕಳೆದಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ನೀರು ಒಳಗಿಳಿಯುತ್ತದೆ. ಇಳಿದ ನೀರಿಗೆ ಹೊರಬರಲು ದಾರಿಯಿಲ್ಲ. ಮರ ಕೊಳೆತು ಕೆಸರಾಗುತ್ತದೆ, ಪದರಗಳ ಹಿಡಿತ ಬಿಡುತ್ತದೆ, ನಡೆದಾಡಿದರೆ ಕಾಲಡಿ ಕುಗ್ಗುತ್ತದೆ.

ಪರೀಕ್ಷೆಗೆ ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ ಸಾಕು. 5 ಸೆಂ.ಮೀ.ಗೊಂದರಂತೆ ಮೆಲ್ಲಗೆ ತಟ್ಟುತ್ತಾ ಹೋಗಿ. ಮರ ಗಟ್ಟಿಯಿದ್ದಲ್ಲಿ ‘ಟಕ್’ ಎಂದು ಚುರುಕಾದ ಸದ್ದು, ಕೊಳೆತಲ್ಲಿ ‘ದೊಪ್’ ಎಂದು ಮಂಕಾದ ಸದ್ದು. ಸದ್ದು ಬದಲಾದ ಜಾಗಕ್ಕೆಲ್ಲ ಪೆನ್ಸಿಲ್ ಗುರುತು ಹಾಕಿ, ಗುರುತುಗಳನ್ನು ಸೇರಿಸಿ ಗೆರೆ ಎಳೆದರೆ ಡೆಕ್ ಮೇಲೆ ಒಂದು ನಕ್ಷೆಯೇ ಮೂಡುತ್ತದೆ. ಸಂಶಯ ಉಳಿದ ಕಡೆ ಕ್ಯಾಬಿನ್ ಒಳಗಿನಿಂದ 5 ಮಿ.ಮೀ. ತೂತು ಕೊರೆಯಿರಿ. ಬಿಟ್ ಮೇಲಿನ ಪದರ ದಾಟದಂತೆ ಅದಕ್ಕೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಂಡಿರಬೇಕು. ಹೊಟ್ಟು ಕೆನೆ ಬಣ್ಣದಲ್ಲಿ ಪುಡಿಪುಡಿಯಾಗಿ ಉದುರಿದರೆ ಮರ ಚೆನ್ನಾಗಿದೆ. ಕಡುಕಂದಾಗಿ ಬಿಟ್‌ನ ಸುರುಳಿಗೆ ಮೆತ್ತಿಕೊಂಡು ಬಂದು, ಬೆರಳಲ್ಲಿ ಹಿಂಡಿದಾಗ ನೀರು ಜಿನುಗಿದರೆ ಆ ಭಾಗ ಹೋದಂತೆಯೇ. ತೇವ ಅಳೆಯುವ ಮೀಟರ್ ಉಪಯೋಗಕ್ಕೆ ಬರುತ್ತದೆ, ಅದೊಂದನ್ನೇ ನಂಬಬೇಡಿ. ಮೇಲ್ಮೈಯಲ್ಲಿ ಉಪ್ಪು ಕೂತಿದ್ದರೆ, ಲೋಹ ಬೆರೆತ ಬಣ್ಣವಿದ್ದರೆ, ಹಿಂಬದಿಯಲ್ಲಿ ನೀರಿನ ಟ್ಯಾಂಕ್ ಇದ್ದರೆ ಅದು ತಪ್ಪು ತೋರಿಸುತ್ತದೆ.

ಕಂಬಿಯ ಬುಡದಲ್ಲಿ ಅಂಗೈಯಗಲ ಕೊಳೆತಿದ್ದರೆ ಹೆದರಬೇಕಿಲ್ಲ. ಡೆಕ್‌ನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ‘ದೊಪ್’ ಎಂದರೆ ನಮ್ಮ ಸಲಹೆ ಬದಲಿಯೇ. ಕಾರಣ ಕೆಲಸದ ರೀತಿ. ಮೇಲಿನ ಪದರ ಕತ್ತರಿಸಿ ಎತ್ತಬೇಕು, ಕೊಳೆತ ಮರ ಕೆರೆದು ತೆಗೆಯಬೇಕು, ಒಣಗಿಸಬೇಕು, ಹೊಸ ಬಾಲ್ಸಾ ಅಥವಾ ಫೋಮ್ ಹಲಗೆಯನ್ನು ದಪ್ಪ ಮಾಡಿದ ಎಪಾಕ್ಸಿ ಅಂಟಿನಲ್ಲಿ ಒತ್ತಿ ಕೂರಿಸಬೇಕು, ಪದರ ಮತ್ತೆ ಅಂಟಿಸಬೇಕು. ಕತ್ತರಿಸಿದ ಅಂಚನ್ನು ಪದರದ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು. ಪದರ 3 ಮಿ.ಮೀ. ಇದ್ದರೆ ಇಳಿಜಾರು 36 ಮಿ.ಮೀ. ಅದರ ಮೇಲೆ ಗಾಜಿನ ಬಟ್ಟೆ, ಉಜ್ಜಿ ಸಮ ಮಾಡುವುದು, ಕಾಲು ಜಾರದ ಬಣ್ಣ. ಒಬ್ಬ ಕೆಲಸಗಾರನಿಗೆ ಒಂದು ಚದರ ಮೀಟರ್‌ಗೆ ಮೂರು ನಾಲ್ಕು ದಿನ ಸುಲಭವಾಗಿ ಹಿಡಿಯುತ್ತದೆ. ಸಾಮಾನಿನ ಖರ್ಚು ಅಷ್ಟೇನಲ್ಲ, ದುಡ್ಡು ನುಂಗುವುದು ಕೂಲಿ. ಸಾಲುಸಾಲು ತೂತು ಕೊರೆದು ಎಪಾಕ್ಸಿ ಇಂಜೆಕ್ಟ್ ಮಾಡುವ ಅಡ್ಡದಾರಿ ಬೇಡ. ಒದ್ದೆ ಮರದೊಳಗೆ ಎಪಾಕ್ಸಿ ಹರಡುವುದಿಲ್ಲ, ತೂತಿನ ಸುತ್ತ ಗಟ್ಟಿ ಗೂಟಗಳಾಗಿ ನಿಲ್ಲುತ್ತದೆ, ನಡುವಿನ ಕೊಳೆತ ಹಾಗೇ ಉಳಿಯುತ್ತದೆ.

ಉಳಿಸಿಕೊಳ್ಳುವ ದೋಣಿಯಾದರೆ ಡೆಕ್‌ನ ಒಂದೊಂದು ಬೋಲ್ಟನ್ನೂ ಹೊಸದಾಗಿ ಕೂರಿಸಿ. 8 ಮಿ.ಮೀ. ಬೋಲ್ಟ್‌ಗೆ 16 ಮಿ.ಮೀ. ತೂತು, ಮೇಲಿನ ಪದರ ಮತ್ತು ಮರ ದಾಟುವಷ್ಟು ಮಾತ್ರ. ಕೆಳಪದರದ ಹಳೆಯ ತೂತಿಗೆ ಟೇಪ್ ಅಂಟಿಸಿ, ಮರದ ಅಂಚಿಗೆ ತೆಳು ಎಪಾಕ್ಸಿ ಹಚ್ಚಿ ಹೀರಲು ಬಿಟ್ಟು, ಸಿಲಿಕಾ ಪುಡಿ ಬೆರೆಸಿದ ಎಪಾಕ್ಸಿ ತುಂಬಿ. ಗಟ್ಟಿಯಾದ ಮೇಲೆ ಮಧ್ಯದಲ್ಲಿ 8 ಮಿ.ಮೀ. ಕೊರೆದು, ಮೇಲಂಚನ್ನು ಸ್ವಲ್ಪ ಬಟ್ಟಲಿನಂತೆ ಅಗಲಿಸಿ, ಮೆತ್ತನೆಯ ಬ್ಯೂಟೈಲ್ ರಬ್ಬರ್ ಟೇಪ್ ಸುತ್ತಿದ ಬೋಲ್ಟ್ ಇಳಿಸಿ ಬಿಗಿಯಿರಿ. ಮುಂದೆ ಸೀಲ್ ಸೋತರೂ ನೀರು ಕ್ಯಾಬಿನ್‌ಗೆ ತೊಟ್ಟಿಕ್ಕುತ್ತದೆಯೇ ಹೊರತು ಮರಕ್ಕೆ ತಾಗುವುದಿಲ್ಲ. ತೊಟ್ಟಿಕ್ಕಿದರೆ ಕಣ್ಣಿಗೆ ಬೀಳುತ್ತದೆ, ಅದೇ ದೊಡ್ಡ ಅನುಕೂಲ.

ತಳದ ಗುಳ್ಳೆಗಳ ವಿಷಯದಲ್ಲಿ ಜನ ಬೇಕಿಲ್ಲದಷ್ಟು ಹೆದರುತ್ತಾರೆ. ಗುಳ್ಳೆ ಒಡೆದಾಗ ವಿನಿಗರ್ ವಾಸನೆಯ ದ್ರವ ಬಂದರೆ ಪಾಲಿಯೆಸ್ಟರ್ ರೆಸಿನ್ ನೀರಿನಿಂದ ಒಡೆಯುತ್ತಿದೆ ಎಂದರ್ಥ. ನಾಣ್ಯದಗಲದ ಗುಳ್ಳೆ ಇಪ್ಪತ್ತು ಮೂವತ್ತು ಇದ್ದರೆ ಒಂದೊಂದನ್ನೂ ತೆರೆದು, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಚೆನ್ನಾಗಿ ಒಣಗಿಸಿ ಎಪಾಕ್ಸಿ ಪುಟ್ಟಿ ತುಂಬಿದರೆ ಸಾಕು. ಇಡೀ ತಳ ಗುಳ್ಳೆಯಾಗಿದ್ದರೆ ಹೊರಪದರ ಕೆತ್ತಿ, ತಿಂಗಳುಗಟ್ಟಲೆ ಒಣಗಿಸಿ, ಐದಾರು ಕೋಟ್ ಎಪಾಕ್ಸಿ ಬಳಿಯಬೇಕು. ಗುಳ್ಳೆಯಿಂದಾಗಿ ದೋಣಿಯನ್ನು ಕೈಬಿಡಬೇಕಾದ ಪ್ರಸಂಗ ಅಪರೂಪ.

ಕೀಲ್, ಅಂದರೆ ತಳದಡಿಗೆ ಬೋಲ್ಟ್ ಹಾಕಿ ಬಿಗಿದ ಭಾರದ ರೆಕ್ಕೆ, ಹಾಗಲ್ಲ. ಕೀಲ್ ಮತ್ತು ತಳ ಕೂಡುವ ಗೆರೆಯ ಮುಂಭಾಗದಲ್ಲಿ ಕೂದಲೆಳೆಯ ಬಿರುಕು ಕಂಡರೆ ಬಹಳ ಸಲ ಪುಟ್ಟಿ ಬಿಟ್ಟಿರುತ್ತದೆ, ಅಷ್ಟೆ. ದೋಣಿ ದಡಕ್ಕೆತ್ತಿ ವಾರ ಕಳೆದರೂ ಆ ಗೆರೆಯಿಂದ ತುಕ್ಕುನೀರು ಸೋರುತ್ತಿದ್ದರೆ ಮಾತ್ರ ಕೀಲ್ ಇಳಿಸಿಯೇ ನೋಡಬೇಕು. ಸ್ಟೇನ್‌ಲೆಸ್ ಬೋಲ್ಟ್ ಗಾಳಿಯಾಡದ ಒದ್ದೆ ಸಂದಿಯಲ್ಲಿ ಸವೆದು ಸೊಂಟ ಸಣ್ಣ ಮಾಡಿಕೊಳ್ಳುತ್ತದೆ. ಒಳಗಡೆ ಕಾಣುವ ನಟ್ ಥಳಥಳಿಸುತ್ತಿದ್ದರೂ ಅದರಿಂದ ಏನೂ ತಿಳಿಯುವುದಿಲ್ಲ.

ಹಾಯಿಕಂಬ ಹಿಡಿದ ತಂತಿಗಳದ್ದೂ ಇದೇ ಕಾಯಿಲೆ. ತಂತಿಯ ತುದಿಗೆ ಒತ್ತಿ ಕೂರಿಸಿದ ಕೊಳವೆಯನ್ನು 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿ. ಉದ್ದಕ್ಕೆ ಸೀಳಿದ ಸಣ್ಣ ಬಿರುಕು ಒಂದೇ ಒಂದು ಕಂಡರೂ ಇಡೀ ಸೆಟ್ ಬದಲಿಸಬೇಕು. 10ರಿಂದ 15 ವರ್ಷವಾದ ತಂತಿಗಳನ್ನು ಬಿರುಕು ಕಾಣದಿದ್ದರೂ ಬದಲಿಸುವುದು ಜಾಣತನ. ತಂತಿಯ ಬುಡ ಹಿಡಿಯುವ ಚೈನ್‌ಪ್ಲೇಟ್‌ಗಳನ್ನು ಹೊರತೆಗೆದು ನೋಡದೆ ಅಭಿಪ್ರಾಯ ಹೇಳಬೇಡಿ. ಅವು ಕೆಡುವುದು ಡೆಕ್ ದಾಟುವ ಆ ಒಂದಿಂಚಿನಲ್ಲಿ, ಅದು ಹೊರಗಿಂದಲೂ ಒಳಗಿಂದಲೂ ಕಾಣದ ಜಾಗ. ಚೈನ್‌ಪ್ಲೇಟನ್ನು ಫೈಬರ್‌ಗ್ಲಾಸ್‌ನೊಳಗೇ ಹೂತಿಟ್ಟ ದೋಣಿಯಾದರೆ ರಿಪೇರಿಯ ಕೂಲಿಯನ್ನು ಹೆಚ್ಚಾಗಿಯೇ ಬರೆದುಕೊಳ್ಳಿ.

ಚುಕ್ಕಾಣಿಯ ಪರೀಕ್ಷೆ ಸುಲಭ. ದೋಣಿ ಮೇಲೆತ್ತಿದ ಮೇಲೆ ಚುಕ್ಕಾಣಿಯ ತಳತುದಿಯಲ್ಲಿ 6 ಮಿ.ಮೀ. ತೂತು ಕೊರೆದು ಬಿಡಿ. ತಿಳಿನೀರು ಬಂದರೆ ಒಣಗಿಸಿ ಮುಚ್ಚಬಹುದು. ತುಕ್ಕು ಬಣ್ಣದ ನೀರು ಬಂದರೆ ಒಳಗಿನ ಉಕ್ಕಿನ ಪಟ್ಟಿಗಳು ಸವೆಯುತ್ತಿವೆ, ಹೊಸದನ್ನೇ ಮಾಡಿಸಬೇಕು.

ಎಂಜಿನ್ ವಿಚಾರದಲ್ಲಿ ಲೆಕ್ಕ ತಪ್ಪುವುದು ಎಂಜಿನ್‌ನ ಬೆಲೆಯಲ್ಲಲ್ಲ, ಅದರ ಸುತ್ತಲಿನ ಕೆಲಸದಲ್ಲಿ. ಹೊಸ ಡೀಸೆಲ್ ಎಂಜಿನ್‌ನ ಕಾಲುಗಳು ಹಳೆಯ ಪೀಠಕ್ಕೆ ಹೊಂದುವುದಿಲ್ಲ. ಎಕ್ಸಾಸ್ಟ್ ಪೈಪಿನ ಅಳತೆ ಬೇರೆ. ಶಾಫ್ಟ್ ತಿರುಗುವ ದಿಕ್ಕು ಬದಲಾದರೆ ಪ್ರೊಪೆಲರ್ ಕೂಡ ಹೊಸದು. ಕೊನೆಗೆ ಶಾಫ್ಟ್ ಜೋಡಣೆ: ಎಂಜಿನ್ ಮತ್ತು ಶಾಫ್ಟ್ ಕೂಡುವ 100 ಮಿ.ಮೀ. ಅಗಲದ ಕಪ್ಲಿಂಗ್‌ನಲ್ಲಿ ಎರಡು ಮುಖಗಳ ನಡುವಿನ ಸಂದು ಸುತ್ತಲೂ 0.1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಾಗಬಾರದು. ಇದನ್ನು ದಡದ ಮೇಲಲ್ಲ, ದೋಣಿ ನೀರಿಗಿಳಿದು ಒಂದೆರಡು ದಿನ ಕಳೆದು, ತಂತಿಗಳನ್ನು ಬಿಗಿದ ಮೇಲೆ ಅಳೆಯಬೇಕು. ನೀರಿನಲ್ಲಿ ತಳದ ಆಕಾರ ಕೊಂಚ ಬದಲಾಗುತ್ತದೆ. ಹಳೆಯ ಎಂಜಿನ್ ತಣ್ಣಗಿದ್ದಾಗಲೇ ಸಲೀಸಾಗಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ನೀಲಿ ಹೊಗೆ ಬಿಡದಿದ್ದರೆ ಅದನ್ನೇ ಇಟ್ಟುಕೊಳ್ಳಿ. ಕಪ್ಪು ಹೊಗೆ ಬಂದರೆ ಮೊದಲು ಪ್ರೊಪೆಲರ್ ಮತ್ತು ತಳಕ್ಕೆ ಅಂಟಿದ ಕಸ ನೋಡಿ.

ಇನ್ನು ಬದಲಿ ದೋಣಿ. ಅದರ ಒಳಗೆ ಜಾಗ ಹೆಚ್ಚು, ಹಿಂಭಾಗ ಅಗಲ, ಸಣ್ಣ ಗಾಳಿಯಲ್ಲೂ ಓಟ ಚುರುಕು. ಅಲೆಗೆ ಎದುರು ಹೋಗುವಾಗ ಹಳೆಯ ಭಾರದ ದೋಣಿ ಅಲೆಯನ್ನು ಸೀಳಿದರೆ, ಹೊಸ ಹಗುರ ದೋಣಿ ಚಪ್ಪಟೆ ತಳದಿಂದ ಅದನ್ನು ಬಡಿಯುತ್ತದೆ. ದಿನವಿಡೀ ಎದುರಲೆಯಲ್ಲಿ ಸಾಗಬೇಕಾದವರಿಗೆ ಇದು ಸಣ್ಣ ಮಾತಲ್ಲ.

ಬದಲಿ ದೋಣಿಯಲ್ಲಿ ನೋಡಬೇಕಾದ ಮುಖ್ಯ ಜಾಗ ಕೀಲ್‌ನ ಹಿಂತುದಿಯ ಒಳಭಾಗ. ಬಹಳಷ್ಟು ಆಧುನಿಕ ದೋಣಿಗಳಲ್ಲಿ ತಳಕ್ಕೆ ಬಲ ಕೊಡುವ ಚೌಕಟ್ಟನ್ನು ಬೇರೆಯಾಗಿ ಎರಕ ಹೊಯ್ದು ಅಂಟಿನಿಂದ ಕೂರಿಸಿರುತ್ತಾರೆ. ಕೀಲ್ ಬಂಡೆಗೆ ಬಡಿದರೆ ಅದರ ಕೆಳತುದಿ ಹಿಂದಕ್ಕೆ ತಳ್ಳಲ್ಪಟ್ಟು ಹಿಂಭಾಗ ತಳವನ್ನು ಮೇಲಕ್ಕೆ ಒತ್ತುತ್ತದೆ, ಚೌಕಟ್ಟಿನ ಅಂಟು ಬಿಡುತ್ತದೆ. ಹೊರಗೆ ಬಣ್ಣ ಬಳಿದರೆ ಏನೂ ಗೊತ್ತಾಗುವುದಿಲ್ಲ. 2014ರ ಮೇ ತಿಂಗಳಲ್ಲಿ ‘ಚೀಕಿ ರಫೀಕಿ’ ಎಂಬ 40 ಅಡಿ ದೋಣಿ ಅಟ್ಲಾಂಟಿಕ್‌ನಲ್ಲಿ ಕೀಲ್ ಕಳಚಿ ಮಗುಚಿತು, ನಾಲ್ವರು ಪ್ರಾಣ ಕಳೆದುಕೊಂಡರು. ಹಿಂದೆ ನೆಲಕ್ಕೆ ತಗುಲಿದ್ದು ಮತ್ತು ಆಮೇಲಿನ ರಿಪೇರಿಗಳು ಸೇರಿ ಆ ಜೋಡಣೆಯನ್ನು ದುರ್ಬಲಗೊಳಿಸಿರಬಹುದು ಎಂದು ಬ್ರಿಟನ್ನಿನ ಕಡಲ ಅಪಘಾತ ತನಿಖಾ ಸಂಸ್ಥೆ 2015ರಲ್ಲಿ ವರದಿ ಕೊಟ್ಟಿತು. ಆದ್ದರಿಂದ ಕೊಳ್ಳುವ ಮೊದಲು ನೆಲಹಲಗೆಗಳನ್ನು ಎತ್ತಿಸಿ, ಟಾರ್ಚ್ ಹಿಡಿದು, ಚೌಕಟ್ಟಿನ ಒಂದೊಂದು ಅಡ್ಡಪಟ್ಟಿಯನ್ನೂ ಅದೇ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟಿ. ಎಂದಾದರೂ ನೆಲಕ್ಕೆ ಬಡಿದಿತ್ತೇ ಎಂದು ಮಾರುವವರನ್ನು ಬರವಣಿಗೆಯಲ್ಲಿ ಕೇಳಿ.

ಸೈಲ್‌ಡ್ರೈವ್ (ಎಂಜಿನ್‌ನಿಂದ ನೇರ ತಳ ತೂರಿ ಇಳಿದು ಪ್ರೊಪೆಲರ್ ತಿರುಗಿಸುವ ಕಾಲು) ಇರುವ ದೋಣಿಯಾದರೆ ತಳದ ದೊಡ್ಡ ರಬ್ಬರ್ ಸೀಲ್ ಯಾವಾಗ ಬದಲಾಯಿತು ಎಂಬುದಕ್ಕೆ ಬಿಲ್ ಕೇಳಿ. 7 ವರ್ಷಕ್ಕೊಮ್ಮೆ ಬದಲಿಸಿ ಎನ್ನುವ ತಯಾರಕರಿದ್ದಾರೆ. ಸೀಲ್ ಬದಲಿಸಲು ಎಂಜಿನ್ ಜರುಗಿಸಬೇಕು, ಆ ಕೂಲಿ ಸೀಲಿನ ಬೆಲೆಯನ್ನು ಮೀರಿಸುತ್ತದೆ. ತಳದ ವಾಲ್ವ್‌ಗಳನ್ನು ಕೆರೆದು ನೋಡಿ. ಹಳದಿಯ ಬದಲು ಗುಲಾಬಿ ಛಾಯೆ ಬಂದಿದ್ದರೆ ಹಿತ್ತಾಳೆಯ ಸತು ಕರಗಿಹೋಗಿದೆ, ಕೈಯಲ್ಲೇ ಮುರಿಯುವಷ್ಟು ಬಲ ಕಳೆದುಕೊಂಡಿರಬಹುದು. ಇದು ಹಳೆಯ ದೋಣಿಗಿಂತ ಇಂಥ ನಡುವಯಸ್ಸಿನ ದೋಣಿಗಳಲ್ಲೇ ಎದುರಾಗುವುದುಂಟು, ಏಕೆಂದರೆ ಹಳೆಯವುಗಳಲ್ಲಿ ಒಳ್ಳೆಯ ಕಂಚು ಬಳಸಿರುವುದೂ ಇದೆ.

ಕಾರ್ಖಾನೆಯಿಂದ ನೇರ ಬರುವ ಹೊಸ ದೋಣಿಯ ಬಗ್ಗೆ ಒಂದೇ ಮಾತು: ಪಟ್ಟಿಯ ಬೆಲೆಯಲ್ಲಿ ಲಂಗರು, ಸರಪಳಿ, ತಳದ ಬಣ್ಣ, ಜೀವರಕ್ಷಕ ಸಾಮಾನು ಸೇರಿದೆಯೇ ಎಂದು ಓದಿ ಸಹಿ ಹಾಕಿ.

ಈಗ ಎರಡು ಕಾಲಂ ಎಳೆಯಿರಿ. ತಂತಿ, ಹಾಯಿ, ಬ್ಯಾಟರಿ ಎರಡೂ ಕಡೆ ಬರುವುದರಿಂದ ಅವು ಹೊಡೆದುಹೋಗುತ್ತವೆ. ಹಳೆಯದರ ಕಡೆ ಉಳಿಯುವುದು ಡೆಕ್, ಕೀಲ್, ಚೈನ್‌ಪ್ಲೇಟ್, ಚುಕ್ಕಾಣಿ, ಎಂಜಿನ್, ವೈರಿಂಗ್. ಇವುಗಳ ಕೂಲಿ ಗಂಟೆಗಳನ್ನು ಅಂದಾಜಿಸಿ, ಅದನ್ನು ಎರಡರಿಂದ ಗುಣಿಸಿ. ಬಿಚ್ಚಿದ ಮೇಲೆ ಮತ್ತೊಂದು ಕೆಲಸ ಸಿಗದ ದೋಣಿ ನಾವು ಕಂಡಿಲ್ಲ. ದಡದಲ್ಲಿ ನಿಲ್ಲಿಸುವ ಬಾಡಿಗೆಯನ್ನೂ ತಿಂಗಳ ಲೆಕ್ಕದಲ್ಲಿ ಸೇರಿಸಿ. ಬದಲಿಯ ಕಡೆ ಬರುವುದು ಕೊಳ್ಳುವ ಬೆಲೆ, ತಪಾಸಣೆ ಶುಲ್ಕ, ಸೈಲ್‌ಡ್ರೈವ್ ಸೀಲ್, ವಾಲ್ವ್‌ಗಳು, ಜೊತೆಗೆ ಹಳೆಯ ದೋಣಿ ಮಾರುವವರೆಗೆ ಎರಡು ನಿಲುಗಡೆಗಳ ಬಾಡಿಗೆ. ಡೆಕ್ ಒಣಗಿದ್ದು, ಕೀಲ್ ಗಟ್ಟಿಯಿದ್ದು, ಎಂಜಿನ್ ಮಾತ್ರ ಹೋಗಿದ್ದರೆ ಹಳೆಯದೇ ಗೆಲ್ಲುತ್ತದೆ. ಡೆಕ್, ಕೀಲ್, ಎಂಜಿನ್ ಮೂರರಲ್ಲಿ ಎರಡು ಕೆಟ್ಟಿದ್ದರೆ ಬದಲಿ ಗೆಲ್ಲುತ್ತದೆ. ಹಾಕಿದ ದುಡ್ಡು ಮಾರುವಾಗ ವಾಪಸ್ ಬರುತ್ತದೆ ಎಂಬ ಸಾಲನ್ನು ಯಾವ ಕಾಲಂನಲ್ಲೂ ಬರೆಯಬೇಡಿ. 40 ವರ್ಷದ ದೋಣಿಗೆ ಹೊಸ ಎಂಜಿನ್ ಹಾಕಿದರೂ ಕೊಳ್ಳುವವರು ಕೊಡುವುದು 40 ವರ್ಷದ ದೋಣಿಯ ಬೆಲೆಯನ್ನೇ.

ರಿಪೇರಿ ಎಂದು ನಿಶ್ಚಯಿಸಿದರೆ ಮೊದಲು ಡೆಕ್, ನಂತರ ಕೀಲ್ ಮತ್ತು ಚೈನ್‌ಪ್ಲೇಟ್, ಆಮೇಲೆ ಎಂಜಿನ್, ವೈರಿಂಗ್, ಎಲ್ಲಕ್ಕೂ ಕೊನೆಗೆ ಹಾಸಿಗೆ ಮತ್ತು ಬಣ್ಣ. ಎಂಜಿನ್ ಮತ್ತು ಹಾಯಿಗಳನ್ನು ಮೊದಲೇ ತಂದಿಟ್ಟರೆ ದೋಣಿ ನೀರಿಗಿಳಿಯುವ ಹೊತ್ತಿಗೆ ಅವುಗಳ ವಾರಂಟಿ ತೀರಿರುತ್ತದೆ. ಬದಲಿ ಎಂದು ನಿಶ್ಚಯಿಸಿದರೆ, ಹಳೆಯದನ್ನು ಯಾರೂ ಕೊಳ್ಳದ ಸ್ಥಿತಿಯಿದ್ದಲ್ಲಿ ಒಡೆಸುವ ಖರ್ಚನ್ನೂ ಈಗಲೇ ವಿಚಾರಿಸಿ. ಫೈಬರ್‌ಗ್ಲಾಸ್ ಕರಗಿಸಿ ಮರುಬಳಸುವ ಸರಕಲ್ಲ, ಅದನ್ನು ಸಾಗಿಸಲು ನೀವೇ ದುಡ್ಡು ಕೊಡಬೇಕು. ಕೀಲ್ ಸೀಸದ್ದಾಗಿದ್ದರೆ ಒಪ್ಪಂದ ಮಾಡಿಕೊಳ್ಳುವ ಮೊದಲು ಅದರ ತೂಕ ಕೇಳಿಟ್ಟುಕೊಳ್ಳಿ, ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆಯಿದೆ.