ನಿಂತಲ್ಲೇ ನಡುಗುತ್ತಿದ್ದ ನಮ್ಮ ಝೆನ್, ಲಾಲ್‌ಬಾಗ್ ರಸ್ತೆ ಪಕ್ಕದ ಗ್ಯಾರೇಜು

ಅಪ್ಪನ 2004ರ ಮಾರುತಿ ಝೆನ್ ಈಗ ನನ್ನ ಹತ್ತಿರ ಇದೆ. 993 ಸಿಸಿ, ನಾಲ್ಕು ಸಿಲಿಂಡರ್, ಎಂಪಿಎಫ್‌ಐ ಗಾಡಿ, ಅಂದರೆ ಪ್ರತಿ ಸಿಲಿಂಡರ್‌ಗೂ ಪೆಟ್ರೋಲ್ ಸಿಂಪಡಿಸಲು ಬೇರೆ ಬೇರೆ ಇಂಜೆಕ್ಟರ್ ಇರುತ್ತದೆ. ಓಡುವಾಗ ಏನೂ ತಕರಾರಿಲ್ಲ, ಪಿಕಪ್ ಇವತ್ತಿಗೂ ಚೆನ್ನಾಗಿದೆ. ಆದರೆ ನಿಂತರೆ ಸಾಕು, ಮೈಯೆಲ್ಲಾ ನಡುಕ. ಬೆಂಗಳೂರಿನ ಮಿನರ್ವ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಾಗ ಕನ್ನಡಿಯಲ್ಲಿ ಹಿಂದಿನ ಆಟೋ ಎರಡೆರಡಾಗಿ ಕಾಣುತ್ತಿತ್ತು. ಎಂಜಿನ್ ಸದ್ದು ತಾನಾಗೇ ಏರುತ್ತಿತ್ತು, ಇಳಿಯುತ್ತಿತ್ತು. ಎಸಿ ಹಾಕಿದರೆ ಇನ್ನೇನು ಆಫ್ ಆಗಿಬಿಡುತ್ತದೆ ಅನ್ನುವಷ್ಟು ಕುಸಿಯುತ್ತಿತ್ತು.

ಮೊದಲು ಮನೆ ಹತ್ತಿರದ ಒಂದು ದೊಡ್ಡ ವರ್ಕ್‌ಶಾಪ್‌ಗೆ ಬಿಟ್ಟಿದ್ದೆ. ಪ್ಲಗ್ ಬದಲಾಯಿಸಿದರು, ಸರಿಹೋಗಲಿಲ್ಲ. ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಬದಲಾಯಿಸಿದರು, ಆಗಲೂ ಇಲ್ಲ. ಮೂರನೇ ಸಲ ಹೋದಾಗ ಇಂಜೆಕ್ಟರ್ ಕ್ಲೀನ್ ಮಾಡಿಸಬೇಕು, ಪೆಟ್ರೋಲ್ ಪಂಪ್ ಕೂಡ ಹೊಸದು ಹಾಕಿದರೆ ಒಳ್ಳೇದು ಅಂದರು. ಯಾಕೆ, ಏನು ನೋಡಿ ಹೇಳ್ತಿದ್ದೀರಿ ಅಂತ ಕೇಳಿದರೆ ಉತ್ತರ ಇಲ್ಲ. "ಹಳೇ ಗಾಡಿ ಮೇಡಂ, ಹಾಗೇ ಇರುತ್ತೆ" ಅಷ್ಟೇ. ನನಗೆ ನಿಜವಾಗಿಯೂ ಬೇಜಾರಾಯಿತು. ಅಪ್ಪ ಇಪ್ಪತ್ತು ವರ್ಷ ಮಗುವಿನ ಹಾಗೆ ನೋಡಿಕೊಂಡ ಗಾಡಿ ಅದು.

ಆಮೇಲೆ ಆಫೀಸಿನವರೊಬ್ಬರು ಹೇಳಿದ್ದಕ್ಕೆ ಈ ಗ್ಯಾರೇಜಿಗೆ ಹೋದೆ. ಲಾಲ್‌ಬಾಗ್ ರಸ್ತೆಯಿಂದ ಒಳಗೆ ಒಂದು ಓಣಿ, ಬೋರ್ಡಿನಲ್ಲಿ ಅಂಗಡಿ ಹೆಸರಿಲ್ಲ, 'ಪೆಟ್ರೋಲ್ ಗಾಡಿ ಟ್ಯೂನಿಂಗ್' ಅಂತ ಮಾತ್ರ ಇದೆ. ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸಿರಬೇಕು, ಜೊತೆಗೆ ಒಬ್ಬ ಹುಡುಗ. ಸ್ಕ್ಯಾನರ್ ಹಾಕಲ್ವಾ ಅಂತ ಕೇಳಿದೆ. ನಮ್ಮಲ್ಲಿ ಒಬಿಡಿ (ಗಾಡಿಯೇ ತನ್ನ ದೋಷ ಗುರುತಿಸಿ ಸ್ಕ್ಯಾನರ್‌ಗೆ ಹೇಳುವ ವ್ಯವಸ್ಥೆ) ಕಡ್ಡಾಯ ಆಗಿದ್ದೇ 2010ರಿಂದ ಈಚೆಗೆ, ಈಗ ಸಿಗುವ ಚಿಕ್ಕ ಸ್ಕ್ಯಾನರ್‌ಗಳನ್ನು ನಂಬಿಕೊಂಡು ಇಂಥ ಗಾಡಿ ನೋಡೋಕಾಗಲ್ಲ, ಕಿವಿ ಕೊಟ್ಟು ಕೇಳಬೇಕು ಅಂದರು.

ಎಂಜಿನ್ ಬಿಸಿಯಾಗುವವರೆಗೆ ಸುಮ್ನೆ ನಿಂತು ಕೇಳಿದರು. ಆಮೇಲೆ ಇಂಜೆಕ್ಟರ್‌ಗಳ ವೈರಿನ ಕಪ್ಲರ್‌ಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಹಾಕಿದರು. ಒಂದು ಬಿಚ್ಚಿದಾಗ ಎಂಜಿನ್ ಇನ್ನೂ ಜಾಸ್ತಿ ಒದ್ದಾಡಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಏನೂ ವ್ಯತ್ಯಾಸ ಆಗದಿದ್ದರೆ ಅಲ್ಲೇ ತೊಂದರೆ. ನಮ್ಮ ಗಾಡಿಯಲ್ಲಿ ನಾಲ್ಕೂ ಒಂದೇ ಥರ ಒದ್ದಾಡಿದವು. "ಪ್ಲಗ್ ಅಲ್ಲ, ಇಂಜೆಕ್ಟರ್ ಅಲ್ಲ, ಪಂಪೂ ಅಲ್ಲ. ನಾಲ್ಕೂ ಉರೀತಾ ಇದೆ" ಅಂದರು. ಐದೇ ನಿಮಿಷದ ಕೆಲಸ ಇದು, ಖರ್ಚು ಏನೂ ಇಲ್ಲ. ಮೂರು ಸಲ ದುಡ್ಡು ತಗೊಂಡವರು ಇದೊಂದನ್ನು ಮಾಡಬಹುದಿತ್ತು ಅಲ್ವಾ?

ಆಮೇಲೆ ನೋಡಿದ್ದು ಗಾಳಿ. ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್‌ಗೆ ಹೋಗುವ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಅದುಮಿದರು. ಎಂಜಿನ್‌ನ ಮೇಲಿನ ಮುಚ್ಚಳದಿಂದ (ಟ್ಯಾಪೆಟ್ ಕವರ್) ಒಳಗಿನ ಆವಿಯನ್ನು ಮ್ಯಾನಿಫೋಲ್ಡ್‌ಗೆ ಒಯ್ಯುವ ಪಿಸಿವಿ ಪೈಪನ್ನು ಅದುಮಿದ ತಕ್ಷಣ ಏರಿಳಿಯುತ್ತಿದ್ದ ಸದ್ದು ಒಂದೇ ಸಮ ಆಯಿತು. ಬಿಟ್ಟರೆ ಮತ್ತೆ ಶುರು. ಬಿಚ್ಚಿ ನನ್ನ ಕೈಗೆ ಕೊಟ್ಟರು. ಎಣ್ಣೆ ಕುಡಿದು ನೆನೆಸಿದ ಹುಣಸೆಹಣ್ಣಿನಂತೆ ಮೆತ್ತಗಾಗಿತ್ತು. ಬಗ್ಗಿಸಿದಾಗ ತಿರುವಿನ ಕೆಳಭಾಗದಲ್ಲಿ ಉಗುರುದ್ದದ ಸೀಳು ಬಾಯಿ ಬಿಟ್ಟಿತು. ಮೇಲಿಂದ ಎಷ್ಟು ನೋಡಿದರೂ ಅದು ಕಾಣುವುದಿಲ್ಲ. ಆ ಸೀಳಿನಿಂದ ಲೆಕ್ಕವಿಲ್ಲದ ಗಾಳಿ ಒಳಗೆ ಹೋಗುತ್ತಿತ್ತು, ಗಾಡಿಯ ಕಂಪ್ಯೂಟರ್ ಅದನ್ನು ಸರಿದೂಗಿಸಲು ಒದ್ದಾಡುತ್ತಿತ್ತು.

ಆದರೆ ನಡುಕ ಪೂರ್ತಿ ಹೋಗಿರಲಿಲ್ಲ. ಆಗ ಜಾಕಿನ ಮೇಲೆ ಮರದ ತುಂಡಿಟ್ಟು ಎಂಜಿನ್‌ ಅನ್ನು ಒಂಚೂರು ಎತ್ತಿದರು. ಸ್ಟೇರಿಂಗ್ ಹಿಡಿದು ಕೂತಿದ್ದ ನನ್ನ ಕೈಯಲ್ಲಿ ನಡುಕ ನಿಂತೇ ಹೋಯಿತು! ಎಂಜಿನ್ ಕೂರುವ, ನಡುಕ ತಡೆಯುವ ಒಂದು ಮೌಂಟಿಂಗ್‌ನ ರಬ್ಬರ್ ಕಬ್ಬಿಣದಿಂದ ಪೂರಾ ಕಿತ್ತು ಬಂದಿತ್ತು. ಅಂದರೆ ಇದ್ದದ್ದು ಎರಡು ರೋಗ. ಒಂದನ್ನು ಮಾತ್ರ ಸರಿ ಮಾಡಿದ್ದರೆ ಇನ್ನೊಂದು ಇದ್ದೇ ಇರುತ್ತಿತ್ತು, ನಾನು ಮತ್ತೆ ಅಲೆಯುತ್ತಿದ್ದೆ.

ಇನ್ನೊಂದು ವಿಷಯ ಕೇಳಿ ನನಗೆ ಸಿಟ್ಟೇ ಬಂತು. ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಎಷ್ಟರವರೆಗೆ ಮುಚ್ಚಬೇಕು ಅಂತ ತಡೆಯುವ ಸ್ಟಾಪ್ ಸ್ಕ್ರೂ ಮೇಲೆ ಕಂಪನಿಯವರು ಬಣ್ಣದ ಗುರುತು ಹಾಕಿರುತ್ತಾರಂತೆ, ಯಾರೂ ಮುಟ್ಟಬಾರದು ಅಂತ. ನಮ್ಮದರಲ್ಲಿ ಆ ಬಣ್ಣ ಒಡೆದಿತ್ತು. ಯಾರೋ ಸ್ಕ್ರೂ ತಿರುಗಿಸಿ ರೇಸ್ ಏರಿಸಿಟ್ಟಿದ್ದರು, ಗಾಡಿ ಆಫ್ ಆಗದೆ ಇರಲಿ ಅಂತ. ರೋಗ ಮುಚ್ಚಿಟ್ಟು ಪೆಟ್ರೋಲ್ ಸುಡುವ ಕೆಲಸ ಇದು. ಮೇಸ್ತ್ರಿ ಅದನ್ನು ಮೊದಲಿನ ಜಾಗಕ್ಕೆ ತಂದರು, ಥ್ರಾಟಲ್ ಬಾಡಿ ಬಿಚ್ಚಿ ಸ್ಪ್ರೇ ಹಾಕಿ, ಹಳೇ ಹಲ್ಲುಜ್ಜುವ ಬ್ರಶ್‌ನಿಂದ ಕಾರ್ಬನ್ ತೆಗೆದರು. ಗಾಡಿ ನಿಂತಾಗ ಎಂಜಿನ್‌ಗೆ ಗಾಳಿ ಹೊಂದಿಸುವ ಐಡಲ್ ವಾಲ್ವ್‌ನ ತುದಿ ಕಪ್ಪಗೆ ಮಸಿ ಹಿಡಿದಿತ್ತು, ಅದನ್ನೂ ತೊಳೆದರು. ಎಸಿ ಹಾಕಿದಾಗ ಎಂಜಿನ್‌ಗೆ ಹೆಚ್ಚಿನ ಗಾಳಿ ಕೊಡುವುದು ಇದೇ ವಾಲ್ವ್, ಆದ್ದರಿಂದ ಇದು ಅಂಟಿಕೊಂಡರೆ ಎಸಿ ಹಾಕಿದಾಗಲೇ ಗೊತ್ತಾಗುತ್ತದೆ.

ಮೌಂಟಿಂಗ್ ಮತ್ತು ಪೈಪ್ ತರಲು ನನ್ನನ್ನೇ ಗಾಡಿ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಕಳಿಸಿದರು. ಹಳೇದನ್ನು ತೋರಿಸಿ ಅದೇ ಅಳತೆಯದು ತನ್ನಿ, ಬಿಲ್ ನಿಮ್ಮ ಹತ್ತಿರ ಇರಲಿ ಅಂದರು. ಎರಡಕ್ಕೂ ಸೇರಿ ಸಾವಿರದ ನೂರು ಆಯಿತು, ಲೇಬರ್ ಒಂಬೈನೂರು. ಬದಲಾಯಿಸಿದ ಹಳೇ ಸಾಮಾನನ್ನೆಲ್ಲ ಕವರ್‌ನಲ್ಲಿ ಹಾಕಿ ವಾಪಸ್ ಕೊಟ್ಟರು.

ಕೊರತೆಗಳೂ ಇವೆ. ಕೂರಲು ಜಾಗ ಇಲ್ಲ, ಬಿಸಿಲಲ್ಲಿ ನಿಂತಿರಬೇಕು. ಫೋನ್ ಎತ್ತುವುದಿಲ್ಲ. ಬಿಲ್ ಅಂದರೆ ಒಂದು ಚೀಟಿ. ಅವಸರದಲ್ಲಿದ್ದವರಿಗೆ ಇದು ಆಗಿಬರುವ ಜಾಗ ಅಲ್ಲ, ನನಗೆ ಇಡೀ ದಿನ ಹಿಡಿಯಿತು. ಡೀಸೆಲ್ ಗಾಡಿ ಮುಟ್ಟುವುದಿಲ್ಲ. ಆದರೂ ಹಳೇ ಪೆಟ್ರೋಲ್ ಗಾಡಿ ಇಟ್ಟುಕೊಂಡವರು ದಯವಿಟ್ಟು ಒಮ್ಮೆ ಇಲ್ಲಿಗೆ ಹೋಗಿ. ಬೆಳಿಗ್ಗೆ ಹತ್ತರೊಳಗೆ ಹೋದರೆ ಒಳ್ಳೇದು, ಆಮೇಲೆ ಓಣಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ನಾನು ಮುಂದಿನ ತಿಂಗಳು ಮತ್ತೆ ಹೋಗುತ್ತೇನೆ. ಇನ್ನೊಂದು ಮೌಂಟಿಂಗ್‌ನ ರಬ್ಬರ್ ಕೂಡ ಬಿರುಕು ಬಿಡಲು ಶುರುವಾಗಿದೆ, ಸಾವಿರ ಕಿಲೋಮೀಟರ್ ಓಡಿಸಿ ತನ್ನಿ, ಆಗ ನೋಡಿ ಹೇಳ್ತೀನಿ ಅಂದಿದ್ದಾರೆ.